ಮೂವರು ಕೂಡಿ ಬಂದರೆ ರೈತ ಬದುಕಿಯಾನು

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ನಮ್ಮ ಊರಿನ ಸರಕಾರಿ ಕೆಲಸಕ್ಕೂ ಒಪ್ಪುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಸೊಲ್ಲಾಪುರ ಜಿಲ್ಲೆಯ ಹೊಲಗಳು ಮುಳುಗಿದ್ದನ್ನು ನಾವು ಮರೆತಿಲ್ಲ. ಇಂಥ ಹಾನಿಗೆ ಪರಿಹಾರ ಬರಬೇಕಾದರೆ ಪಂಚನಾಮೆ ಆಗಬೇಕು. ನಾವು ಇಂದಿಗೂ ತಲಾಠಿ ಎನ್ನುವವರ ಬಳಿ ಸಾತಬಾರಾ ಉತಾರವಿದೆ. ಬೆಳೆ ನೂರಕ್ಕೆ 33ರಷ್ಟಾದರೂ ಕೆಟ್ಟಿದೆಯೇ ಎಂದು ನೋಡಬಲ್ಲವರು ಕೃಷಿ ಸಹಾಯಕರು. ಊರಿನ ಮನೆಮಾರು ಬಲ್ಲವರು ಗ್ರಾಮಸೇವಕರು. ಮೂರು ಖಾತೆ, ಮೂವರು ಮೇಲಧಿಕಾರಿಗಳು. ಒಬ್ಬರು ಸೋಮವಾರ, ಇನ್ನೊಬ್ಬರು ಗುರುವಾರ ಬಂದು, ತಪ್ಪನ್ನು ಪರಸ್ಪರರ ಮೇಲೆ ಹಾಕುತ್ತ ಕುಳಿತರೆ, ಅಷ್ಟರಲ್ಲಿ ರೈತ ಕೊಳೆತ ತೊಗರಿ ಕಿತ್ತು ಹೊಲ ಹರಗಿರುತ್ತಾನೆ. ಸಾಕ್ಷಿ ಎಲ್ಲಿಯದು?

ಆದುದರಿಂದ ಮೂವರೂ ವಾರಕ್ಕೊಂದು ದಿನ ಪಂಚಾಯತಿಯಲ್ಲಿ ಒಟ್ಟಿಗೆ ಕೂಡಬೇಕು. ಮಳೆಗಾಲಕ್ಕೆ ಮುಂಚೆಯೇ ಹೊಲಗಳ ಒಂದೇ ಯಾದಿ ಸಿದ್ಧವಾಗಿರಲಿ. ಹಾನಿಯಾದಾಗ ಒಂದೇ ದಿನ ಹೊಲಕ್ಕೆ ಬರಲಿ. ಮರಾಠಿಯಲ್ಲಿ ಬರೆದದ್ದನ್ನು ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಲಿ. ಅದಕ್ಕೆ ಶಾಲೆಯವರಾದ ನಾವು ಸಿದ್ಧರಿದ್ದೇವೆ. ಒಬ್ಬರ ಚಾಡಿಯನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ಚಟವನ್ನು ಊರವರಾದ ನಾವೂ ಬಿಡೋಣ. ಹೆಜ್ಜೆ ಕೂಡಿದರೆ ಸಾಲು ನೆಟ್ಟಗಾಗುತ್ತದೆ.