ಪಂತುಲು ತೋರಿಸಿದ ಚೆನ್ನಮ್ಮ

ಮಕ್ಕಳೇ, ರಾಣಿ ಚೆನ್ನಮ್ಮ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಸರ್ಕಲ್ಲಿನಲ್ಲಿ ಕುದುರೆ ಏರಿ ಕತ್ತಿ ಹಿಡಿದ ಪ್ರತಿಮೆ, ಅಲ್ಲವೇ? ನಿಮ್ಮ ಅಜ್ಜ-ಅಜ್ಜಿಯರನ್ನು ಕೇಳಿರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಊರಿನವರೇ ಇರಲಿ, ಅವರಿಗೆ ನೆನಪಾಗುವುದು ಬಿ. ಸರೋಜಾದೇವಿಯವರ ಮುಖ. ಆ ಮುಖವನ್ನು ಅವರ ಮನಸ್ಸಿನಲ್ಲಿ ಕೂರಿಸಿದವರು ನಿರ್ದೇಶಕ ಬಿ.ಆರ್. ಪಂತುಲು.

ಪಂತುಲು ಹುಟ್ಟಿದ್ದು 1910ರಲ್ಲಿ. ಮೊದಲು ಶಾಲಾ ಮಾಸ್ತರರು, ಆಮೇಲೆ ನಾಟಕದವರು. 1936ರ ‘ಸಂಸಾರ ನೌಕೆ’ ಚಿತ್ರದ ನಾಯಕರು. ಮುಂದೆ ತಾವೇ ಚಿತ್ರ ತೆಗೆಯತೊಡಗಿದರು. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಮಕ್ಕಳಿಂದ ದೂರವಾದ ಮುದಿ ಮಾಸ್ತರರ ಪಾತ್ರ ಅವರದೇ. ಆ ಕಥೆ ಹಿಂದಿ, ತೆಲುಗು, ಮಲಯಾಳಕ್ಕೂ ಹೋಯಿತು. ಪುಟ್ಟಣ್ಣ ಕಣಗಾಲ್ ಕೆಲಸ ಕಲಿತದ್ದು ಇವರ ಕೈಕೆಳಗೇ.

ಅಮೆರಿಕದ ಸೆಸಿಲ್ ಬಿ. ಡಿಮಿಲ್ 1956ರಲ್ಲಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ತೆಗೆದು, ಹಳೆಯ ಕಥೆಗೆ ಅರಮನೆ, ಸೈನ್ಯ, ಜನಜಂಗುಳಿ ತಂದು ನಿಲ್ಲಿಸಿದರು. ಅಂಥ ಹಂಬಲ ಪಂತುಲು ಅವರಿಗೂ ಇತ್ತು. 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’, 1961ರಲ್ಲಿ ನಮ್ಮ ‘ಕಿತ್ತೂರು ಚೆನ್ನಮ್ಮ’. ಮಲ್ಲಸರ್ಜ ದೊರೆಯಾಗಿ ರಾಜಕುಮಾರ್. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಮನ್ನಣೆಯೂ ಬಂತು. ನಾನು ಅದನ್ನು ನೋಡಿದ್ದು ಟೆಂಟಿನಲ್ಲಿ, ನೆಲದ ಮೇಲೆ ಕುಳಿತು. ಯುದ್ಧ ಶುರುವಾದಾಗ ಎದ್ದ ಸಿಳ್ಳೆಗೆ ಮಾತೇ ಕೇಳಿಸಲಿಲ್ಲ.

ಬ್ಯಾಂಕಿನಲ್ಲಿ ದುಡಿದವನು ನಾನು, ಲೆಕ್ಕ ತಾಳೆ ನೋಡದಿದ್ದರೆ ನಿದ್ದೆ ಬಾರದು. ಸರೋಜಾದೇವಿ ಹುಟ್ಟಿದ್ದು 1938, ಚಿತ್ರ ಬಂದಾಗ ಅವರಿಗೆ 23 ವರ್ಷ. ಚೆನ್ನಮ್ಮ ಹುಟ್ಟಿದ್ದು 1778 ಎನ್ನುತ್ತಾರೆ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಸತ್ತಾಗ ರಾಣಿಗೆ 46ರ ಸುಮಾರು. ಸರಿಯಾಗಿ ಎರಡು ಪಟ್ಟು! ಗಂಡ ಮಲ್ಲಸರ್ಜ ತೀರಿ ಎಂಟು ವರ್ಷವಾಗಿತ್ತು. ಪಟ್ಟದಲ್ಲಿದ್ದ ಶಿವಲಿಂಗರುದ್ರಸರ್ಜನೂ ಆ ವರ್ಷವೇ ತೀರಿದ್ದ. ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಹೆಚ್ಚುಕಡಿಮೆ ನಿಮ್ಮ ಅಜ್ಜಿಯ ವಯಸ್ಸಿನ ಹೆಣ್ಣುಮಗಳು ಅಂದು ಎದುರು ನಿಂತಳು.

ಇನ್ನೊಂದು ಲೆಕ್ಕ. ಡಿಸೆಂಬರಿನಲ್ಲಿ ಕಂಪನಿ ಮತ್ತೆ ಬಂದು ಕೋಟೆ ಹಿಡಿಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಆಕೆ ತೀರಿದ್ದು 1829ರ ಫೆಬ್ರುವರಿ 2ರಂದು. ಅಂದರೆ ನಾಲ್ಕು ವರ್ಷದ ಮೇಲೆ ಸೆರೆಮನೆ. ಯುದ್ಧವನ್ನು ಪರದೆಯ ಮೇಲೆ ತೋರಿಸಬಹುದು. ದಿನವೂ ಒಂದೇ ಗೋಡೆ ನೋಡುತ್ತ ಕಳೆದ ಆ ನಾಲ್ಕು ವರ್ಷಗಳನ್ನು ಯಾವ ಚಿತ್ರದಲ್ಲಿ ಹಿಡಿಸುವುದು?

ಹಾಗಂತ ಪಂತುಲು ಅವರ ಋಣ ಕಡಿಮೆಯಲ್ಲ. ಓದು ಬಾರದ ನಮ್ಮ ಅವ್ವಂದಿರಿಗೆ ರಾಣಿಯ ಕಥೆ ಮುಟ್ಟಿಸಿದ್ದು ಆ ಚಿತ್ರ. 1974ರಲ್ಲಿ ಅವರು ತೀರಿದರೂ ಚಿತ್ರ ಉಳಿದಿದೆ. ಈ ರವಿವಾರ ಅಜ್ಜ-ಅಜ್ಜಿಯ ಪಕ್ಕ ಕುಳಿತು ನೋಡಿರಿ. ಮುಂದಿನ ರವಿವಾರ ಅವರ ಕೈ ಹಿಡಿದು ಬೈಲಹೊಂಗಲದ ಸಮಾಧಿಗೆ ಹೋಗಿರಿ. ಚಿತ್ರದಲ್ಲಿ ಇಲ್ಲದ್ದು ಅಲ್ಲಿದೆ.