ತೀರ್ಪುಗಾರರ ತೀರ್ಮಾನ ಅಂತಿಮವಲ್ಲ

ಕಳೆದ ವರ್ಷ ದಾವಣಗೆರೆಯ ಕಾಲೇಜು ಹಬ್ಬವೊಂದರಲ್ಲಿ ವಿಡಿಯೊ ಗೇಮ್ ಸ್ಪರ್ಧೆಯೂ ಇತ್ತು. ಕಾರ್ ರೇಸಿನ ಆಟ. ಒಂದು ಸುತ್ತು ಯಾರು ಬೇಗ ಮುಗಿಸುತ್ತಾರೋ ಅವರಿಗೆ ಬಹುಮಾನ. ಮಲೆಬೆನ್ನೂರಿನಿಂದ ನಾವು ಮೂವರು ಬೆಳಗಿನ ಬಸ್ಸಿಗೇ ಹೊರಟಿದ್ದೆವು. ಸಮಯ ಅಳೆಯಲು ನಿಂತಿದ್ದ ಹುಡುಗ ತನ್ನ ಮೊಬೈಲಿನ ಸ್ಟಾಪ್‌ವಾಚ್ ಒತ್ತುತ್ತಿದ್ದ. ನಡುವೆ ಅವನಿಗೊಂದು ಫೋನ್ ಬಂತು, ‘ಆಮೇಲೆ ಮಾಡ್ತೀನಿ’ ಎಂದು ಇಟ್ಟು ಮತ್ತೆ ಪರದೆ ನೋಡಿದ. ಕೊನೆಗೆ ನನ್ನ ಗೆಳೆಯ 0.4 ಸೆಕೆಂಡಿನಿಂದ ಸೋತ ಎಂದು ಹೇಳಿದರು. ಇನ್ನೊಮ್ಮೆ ನೋಡಿ ಸರ್ ಅಂದೆವು. ನೋಡಲು ಏನೂ ಇರಲಿಲ್ಲ, ಯಾರೂ ರೆಕಾರ್ಡ್ ಮಾಡಿರಲಿಲ್ಲ. ಅವರು ಗೋಡೆಯ ಮೇಲಿನ ಪೋಸ್ಟರಿನ ಕೊನೆಯ ಸಾಲಿಗೆ ಬೆರಳಿಟ್ಟರು: ‘ತೀರ್ಪುಗಾರರ ತೀರ್ಮಾನವೇ ಅಂತಿಮ’.

ರಂಗೋಲಿಯಿಂದ ರಸಪ್ರಶ್ನೆವರೆಗೆ ನಮ್ಮ ಯಾವ ಸ್ಪರ್ಧೆಯ ಕರಪತ್ರದಲ್ಲೂ ಈ ಸಾಲು ತಪ್ಪುವುದಿಲ್ಲ. ನಾನೂ ಅದನ್ನು ನಿಯಮವೆಂದೇ ನಂಬಿದ್ದೆ. ಅದಿಲ್ಲದೆಯೂ ಸ್ಪರ್ಧೆ ನಡೆಯುತ್ತದೆ ಎಂದು ನನಗೆ ಗೊತ್ತಾದದ್ದು ಸ್ಪೀಡ್‌ರನ್ನಿಂಗ್‌ನಿಂದ.

ಸ್ಪೀಡ್‌ರನ್ನಿಂಗ್ ಎಂದರೆ ಒಂದು ಆಟವನ್ನು ಆದಷ್ಟು ಬೇಗ ಮುಗಿಸುವುದು, ಅಷ್ಟೇ. ನನಗೆ ಅದರ ಹುಚ್ಚು ಹತ್ತಿದ್ದು ಮಾರಿಯೊನಿಂದ. ನಾನು ಚಿಕ್ಕವನಿದ್ದಾಗ ಅಪ್ಪಾಜಿ ಹರಿಹರದಿಂದ ಟಿವಿಗೆ ಹಾಕಿ ಆಡುವ ವಿಡಿಯೊ ಗೇಮ್ ತಂದಿದ್ದರು. ಹಳದಿ ಕ್ಯಾಸೆಟ್, ಮೇಲೆ ‘9999 ಆಟಗಳು’ ಎಂಬ ಚೀಟಿ, ಒಳಗೆ ತಿರುಗಿಸಿ ಮುರುಗಿಸಿ ಅವೇ ಹತ್ತಿಪ್ಪತ್ತು. ಅದರಲ್ಲಿ ನಿಂಟೆಂಡೊ 1985ರಲ್ಲಿ ತಂದ ಸೂಪರ್ ಮಾರಿಯೊ ಬ್ರದರ್ಸ್ ಕೂಡ ಇತ್ತು. ಕಾಲೇಜು ಸೇರಿದ ಮೇಲೆ ಯೂಟ್ಯೂಬಿನಲ್ಲಿ ಒಬ್ಬ ಅದೇ ಆಟವನ್ನು ಐದು ನಿಮಿಷದೊಳಗೆ ಮುಗಿಸುವುದನ್ನು ಕಂಡೆ. ಅಟ್ಟದಿಂದ ಡಬ್ಬ ಇಳಿಸಿದೆ. ಒಂದು ತಿಂಗಳು ಒದ್ದಾಡಿ ಆರು ನಿಮಿಷದ ಹತ್ತಿರ ಬಂದೆ. ಅಲ್ಲಿಗೆ ನಿಂತಿತು, ಏನು ಮಾಡಿದರೂ ಇಳಿಯಲೊಲ್ಲದು.

ತಪ್ಪು ನನ್ನ ಬೆರಳಿನದಷ್ಟೇ ಅಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕ, ಜಪಾನಿನ ಟಿವಿಗಳಲ್ಲಿ ಆ ಆಟ ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತದೆ. ನಮ್ಮದು ‘ಪಾಲ್’ ಪದ್ಧತಿಯ ಟಿವಿ, ಅದಕ್ಕೆ ತಕ್ಕ ನನ್ನ ಡಬ್ಬ ಸೆಕೆಂಡಿಗೆ 50. ನನ್ನ ಮನೆಯ ಆರು ನಿಮಿಷ ಅವರ ಮನೆಯ ಐದು ನಿಮಿಷಕ್ಕೆ ಸಮ! ಅದಕ್ಕೇ ದಾಖಲೆ ಪಟ್ಟಿಯಲ್ಲಿ ಈ ಎರಡನ್ನೂ ಬೆರೆಸುವುದಿಲ್ಲ, ಬೇರೆಬೇರೆ ಇಡುತ್ತಾರೆ. ಮೊದಲು ಸಿಟ್ಟು ಬಂತು, ಒಂದು ತಿಂಗಳು ಹೋಯಿತಲ್ಲ ಅಂತ. ಆದರೆ ಯೋಚಿಸಿ, ಅಷ್ಟು ಸಣ್ಣ ಅಂತರವನ್ನು ಯಾರೋ ಕೂತು ಗಮನಿಸಿ, ಬರೆದು, ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ.

ಸಮಯ ಅಳೆಯುವ ರೀತಿಯೂ ಹಾಗೆಯೇ. ಮೊದಲ ಹಂತದಲ್ಲಿ ಆಟದ ಗಡಿಯಾರ 400 ಎಂದು ಮೂಡಿದ ಚಿತ್ರದಿಂದ ಲೆಕ್ಕ ಶುರು, ಕೊನೆಯಲ್ಲಿ ಮಾರಿಯೊ ಕೊಡಲಿ ಮುಟ್ಟಿದಾಗ ಮುಗಿಯಿತು. ಆಟಗಾರ ಲೈವ್‌ಸ್ಪ್ಲಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಹಂತಹಂತದ ಸಮಯ ನೋಡಿಕೊಳ್ಳಬಹುದು, ಅದು ಅವನ ಅನುಕೂಲಕ್ಕೆ. ಮೇಲಿನ ಸ್ಥಾನ ಬೇಕೆಂದರೆ ವಿಡಿಯೊ ಕೊಡಬೇಕು, ಅದರ ಚಿತ್ರಗಳನ್ನು ಎಣಿಸಿ ಸಮಯ ಖಚಿತಪಡಿಸುತ್ತಾರೆ. ಎಣಿಸುವವರೂ ಸಂಬಳವಿಲ್ಲದ ಆಟಗಾರರೇ.

ಆ ಎಣಿಕೆಯೊಳಗೆ ಒಂದು ಮಜವಿದೆ. ಮಾರಿಯೊ ಆಟದಲ್ಲಿ ಒಂದು ಹಂತ ಮುಗಿಸಿದ ಕೂಡಲೇ ಮುಂದಿನದು ಬರುವುದಿಲ್ಲ. ಆಟ 21 ಚಿತ್ರಗಳಿಗೊಮ್ಮೆ, ಅಂದರೆ ಸುಮಾರು 0.35 ಸೆಕೆಂಡಿಗೊಮ್ಮೆ ಮಾತ್ರ ‘ಮುಗೀತಾ?’ ಎಂದು ನೋಡುತ್ತದೆ. ಆ ಆಟಗಾರರು ಇದನ್ನು ಬಸ್ಸಿಗೆ ಹೋಲಿಸುತ್ತಾರೆ. ನಮಗಂತೂ ಬಿಡಿಸಿ ಹೇಳಬೇಕಿಲ್ಲ. ಹರಿಹರದ ಬಸ್ಸಿಗೆ ನೀವು ಹತ್ತು ನಿಮಿಷ ಮುಂಚೆ ಬಂದು ನಿಂತರೂ, ಓಡಿ ಬಂದು ಬಾಗಿಲು ಹಿಡಿದರೂ ತಲುಪುವುದು ಒಂದೇ ಹೊತ್ತಿಗೆ. ಒಂದು ಕ್ಷಣ ತಡವಾದರೆ ಮಾತ್ರ ಮುಂದಿನ ಬಸ್ಸೇ ಗತಿ. ಕೊನೆಯ ಹಂತಕ್ಕೆ ಮಾತ್ರ ಈ ಬಸ್ಸಿಲ್ಲ, ಅಲ್ಲಿ ಪ್ರತಿ ಚಿತ್ರವೂ ಲೆಕ್ಕಕ್ಕೆ. 2021ರ ಏಪ್ರಿಲಿನಲ್ಲಿ ನಿಫ್ಟ್‌ಸ್ಕಿ ಎಂಬ ಆಟಗಾರ 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿ, 4:55ರ ಗೋಡೆಯನ್ನು ಮೊದಲು ಒಡೆದಾಗ ಅಷ್ಟು ಸಂಭ್ರಮ ಯಾಕೆಂದು ಇದು ತಿಳಿದ ಮೇಲೆಯೇ ನನಗೆ ಅರ್ಥವಾದದ್ದು.

ವಿಭಾಗದ ಮಾತು ಬಂದಾಗಲೆಲ್ಲ ನನಗೆ ಕಂಬಳ ನೆನಪಾಗುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಿಸಿ, ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ ದಾಖಲೆ 9.58. ದೇಶವೆಲ್ಲ ಕುಣಿಯಿತು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳೂ ಕುಣಿದವು, ಭಾರತೀಯ ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆಯಿತು. ಗೌಡರು ಒಪ್ಪಲಿಲ್ಲ. ಓಟದ ಶ್ರೇಯ ಕೋಣಗಳಿಗೂ ಸೇರಬೇಕು ಎಂದರು. ಒಬ್ಬ ಸ್ಪೀಡ್‌ರನ್ನರ್ ಆಗಿದ್ದರೆ ‘ನನ್ನದು ಬೇರೆ ವಿಭಾಗ’ ಎನ್ನುತ್ತಿದ್ದ, ಅದೇ ಮಾತು. ಕಂಬಳದಲ್ಲೇ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಿವೆ. ಊರಿಂದೂರಿಗೆ ಕರೆಯ ಉದ್ದ ಬೇರೆ. ಅದನ್ನು ಬರ್ಲಿನ್‌ನ ಟ್ರ್ಯಾಕಿನ ಪಕ್ಕ ಇಟ್ಟರೆ ಗೌಡರಿಗೂ ಅನ್ಯಾಯ, ಬೋಲ್ಟ್‌ಗೂ ಅನ್ಯಾಯ.

ವಿಡಿಯೊ ಗೇಮಿನಲ್ಲೂ ಹೀಗೆ ಒಂದು ಬೇರೆ ವಿಭಾಗವಿದೆ. ಆಟವನ್ನು ಒಂದೊಂದು ಚಿತ್ರಕ್ಕೂ ನಿಲ್ಲಿಸಿ, ಹಿಂದಕ್ಕೆ ಹೋಗಿ ತಿದ್ದಿ, ಗುಂಡಿ ಒತ್ತುವುದನ್ನು ತಂತ್ರಾಂಶದಲ್ಲಿ ಬರೆದು ಆಡಿಸುವುದು. ಇದಕ್ಕೆ ‘ಟಾಸ್’ ಎನ್ನುತ್ತಾರೆ. ಇದು ಮೋಸವಲ್ಲ, ‘ಇದು ಟಾಸ್’ ಎಂದು ಹೇಳಿಯೇ ತೋರಿಸುತ್ತಾರೆ. ಮನುಷ್ಯ ಆಡಿದ್ದು ಎಂದು ಹೇಳಿದರೆ ಮಾತ್ರ ಮೋಸ. ಇಂಥ ಲೆಕ್ಕಾಚಾರವೇ ಒಂದು ಹಳೇ ದಾಖಲೆಯನ್ನು ಬೀಳಿಸಿತು. ಅಟಾರಿಯ ಡ್ರ್ಯಾಗ್‌ಸ್ಟರ್ ಆಟದಲ್ಲಿ ಟಾಡ್ ರೋಜರ್ಸ್ ಹೆಸರಿನಲ್ಲಿ 1982ರಿಂದ 5.51 ಸೆಕೆಂಡಿನ ದಾಖಲೆ ಇತ್ತು. ಆಟದ ಒಳಗಿನ ಸಂಕೇತ ಬಿಡಿಸಿ ನೋಡಿದವರಿಗೆ 5.57ಕ್ಕಿಂತ ಕಡಿಮೆ ಸಿಗಲಿಲ್ಲ. ಅವರು ತಮ್ಮ ಲೆಕ್ಕವನ್ನು ಬಹಿರಂಗವಾಗಿ ಇಟ್ಟರು. ರೋಜರ್ಸ್ ಒಪ್ಪಲಿಲ್ಲ. 2018ರ ಜನವರಿಯಲ್ಲಿ ದಾಖಲೆ ಕಾಯುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ಅದನ್ನು ತೆಗೆದುಹಾಕಿತು. ಮೂವತ್ತೈದು ವರ್ಷ ‘ಅಂತಿಮ’ವಾಗಿದ್ದ ತೀರ್ಮಾನ!

ಇನ್ನೊಂದು, ಮೈನ್‌ಕ್ರಾಫ್ಟ್‌ನದು. 2020ರಲ್ಲಿ ಡ್ರೀಮ್ ಎಂಬ ಅತಿ ಪ್ರಸಿದ್ಧ ಯೂಟ್ಯೂಬರ್‌ನ ಓಟದ ಮೇಲೆ ಅನುಮಾನ ಬಂತು. ಅವನ ಹಿಂದೆ ಕೋಟಿಗಟ್ಟಲೆ ಅಭಿಮಾನಿಗಳು. ಪರಿಶೀಲಕರು ‘ನಮಗೆ ಹಾಗನ್ನಿಸಿತು’ ಎನ್ನಲಿಲ್ಲ. ಆರು ನೇರ ಪ್ರಸಾರ ನೋಡಿ ಎಣಿಸಿದರು. 262 ವ್ಯಾಪಾರದಲ್ಲಿ ಅವನಿಗೆ 42 ಬಾರಿ ಮುತ್ತು ಸಿಕ್ಕಿತ್ತು. ಆಟದ ಲೆಕ್ಕದಲ್ಲಿ ಸಿಗಬೇಕಾದದ್ದು ಹನ್ನೆರಡರ ಆಸುಪಾಸು. 305 ಬ್ಲೇಜ್ ಕೊಂದು 211 ಬಾರಿ ರಾಡ್, ಅರ್ಧದಷ್ಟು ಸಿಗಬೇಕಿತ್ತು. ಇಷ್ಟು ಅದೃಷ್ಟ ಒಲಿಯುವ ಸಾಧ್ಯತೆ 7.5 ಲಕ್ಷ ಕೋಟಿಯಲ್ಲಿ ಒಂದು ಎಂದು 29 ಪುಟಗಳ ವರದಿ ಬರೆದು, ಲೆಕ್ಕದ ಸಮೇತ ಹೊರಗಿಟ್ಟರು. ಅವನೂ ತನ್ನ ಕಡೆಯಿಂದ ತಜ್ಞರೊಬ್ಬರನ್ನು ಹಿಡಿದು ಉತ್ತರ ಬರೆಸಿದ. ವಾದ ನಡೆಯಿತು. 2021ರ ಮೇ ತಿಂಗಳಲ್ಲಿ, ಆಟದ ಅದೃಷ್ಟ ಬದಲಿಸುವ ತಂತ್ರಾಂಶ ಆ ಓಟಗಳಲ್ಲಿ ಇದ್ದದ್ದು ನಿಜ, ತನಗೆ ಅರಿವಿಲ್ಲದೆ ಉಳಿದಿತ್ತು ಎಂದು ಒಪ್ಪಿಕೊಂಡ. ನನಗೆ ಇಷ್ಟವಾದದ್ದು ಅವನು ಸಿಕ್ಕಿಬಿದ್ದದ್ದಲ್ಲ. ಸಂಖ್ಯಾಶಾಸ್ತ್ರ ಕಲಿತ ನಮ್ಮ ಬಿ.ಎಸ್ಸಿ. ತರಗತಿಯ ಯಾರು ಬೇಕಾದರೂ ಆ ವರದಿಯ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದಿತ್ತು. ತೀರ್ಪುಗಾರರು ತಮ್ಮ ಉತ್ತರಪತ್ರಿಕೆಯನ್ನೂ ಬಿಚ್ಚಿಟ್ಟಿದ್ದರು.

ಈಗ ನನ್ನ ಕಥೆ. ಡಬ್ಬ ಬಿಟ್ಟು ಲ್ಯಾಪ್‌ಟಾಪಿನ ಎಮ್ಯುಲೇಟರಿಗೆ ಬಂದೆ, ಕೀಬೋರ್ಡಿನಲ್ಲಿ ಆಡತೊಡಗಿದೆ. ಮಳೆಗಾಲದಲ್ಲಿ ಕರೆಂಟು, ಬೇಸಿಗೆಯಲ್ಲಿ ಸೆಕೆ, ಬ್ಯಾಟರಿ ಒಂದು ಗಂಟೆ. ‘ಹಿಂಗ ಕುಂತರೆ ಮಾರಿಯೊ ನಿನಗೆ ಕೆಲಸ ಕೊಡ್ತಾನೇನಪ್ಪ?’ ಎಂದು ಅವ್ವ ಕೇಳುತ್ತಿದ್ದಳು. ಉತ್ತರ ಇರಲಿಲ್ಲ, ಈಗಲೂ ಇಲ್ಲ. ಜನವರಿಯ ಒಂದು ರಾತ್ರಿ 5 ನಿಮಿಷ 6 ಸೆಕೆಂಡಿಗೆ ಮುಗಿಸಿದೆ. ಲೋಕದ ಲೆಕ್ಕದಲ್ಲಿ ಏನೂ ಅಲ್ಲ, ನನಗೆ ಏಳು ತಿಂಗಳು.

ಕಳಿಸುವ ಮುಂಚೆ ವಿಡಿಯೊ ನೋಡುತ್ತ ಕೂತೆ. ಒತ್ತಿದ ಕೀಗಳೂ ಪರದೆಯ ಮೂಲೆಯಲ್ಲಿ ಕಾಣುವಂತೆ ರೆಕಾರ್ಡ್ ಮಾಡಿದ್ದೆ. ಎಂಟನೇ ಲೋಕದ ಮೂರನೇ ಹಂತದಲ್ಲಿ, ಗಾಬರಿಯಲ್ಲಿ ಎಡದ ಕೀ ಬಿಡುವ ಮೊದಲೇ ಬಲದ್ದು ಒತ್ತಿದ್ದೇನೆ. ಎರಡೂ ಒಟ್ಟಿಗೆ ಹತ್ತಿವೆ. ಮೂಲ ಕಂಟ್ರೋಲರಿನ ಗುಂಡಿಯಲ್ಲಿ ಎಡ–ಬಲ ಒಟ್ಟಿಗೆ ಒತ್ತಲು ಬರುವುದಿಲ್ಲ, ಆದ್ದರಿಂದ ಕೀಬೋರ್ಡಿನವರೂ ಒತ್ತುವಂತಿಲ್ಲ ಎಂಬುದು ನಿಯಮ. ಕಣ್ಣು ಮಿಟುಕಿಸುವಷ್ಟು ಹೊತ್ತು. ಅದರಿಂದ ನನಗೆ ಲಾಭವಾದಂತೆಯೂ ಕಾಣಲಿಲ್ಲ.

ಗೆಳೆಯನಿಗೆ ತೋರಿಸಿದೆ. ‘ಯಾರ್ ನೋಡ್ತಾರಲೇ ಅದನ್ನ? ಆ ಮೂಲೆ ಕಟ್ ಮಾಡಿ ಕಳಿಸು. ಮಲೇಬೆನ್ನೂರಾಗ ಕುಂತು ಆಡಿದ್ದು ಅವರಿಗೇನ್ ಗೊತ್ತಾಕ್ಕತಿ?’ ಎಂದ. 0.4 ಸೆಕೆಂಡಿನಿಂದ ಸೋತವನು ಅವನೇ. ಅವತ್ತು ಫೋನ್ ಹಿಡಿದು ನಿಂತಿದ್ದ ಹುಡುಗನೂ ಹಿಂಗೇ ಅಂದುಕೊಂಡಿರಬೇಕು ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಹಾಗಂತ ನಾನು ಹರಿಶ್ಚಂದ್ರನಲ್ಲ; ಆ ವಿಡಿಯೊವನ್ನು ಮೂರು ದಿನ ಅಳಿಸದೆ, ಕಳಿಸದೆ ಇಟ್ಟುಕೊಂಡಿದ್ದೆ. ಮೂಲೆ ಕತ್ತರಿಸಿ ಕೂಡ ನೋಡಿದ್ದೆ, ಚೆನ್ನಾಗಿಯೇ ಕಾಣುತ್ತಿತ್ತು.

ಈ ಸಮುದಾಯವನ್ನು ಹೊಗಳುವುದಷ್ಟೇ ನನ್ನ ಕೆಲಸವಲ್ಲ. ನಿಯಮಗಳೆಲ್ಲ ಇಂಗ್ಲಿಷಿನಲ್ಲಿವೆ, ಒಳ್ಳೆಯ ಕಂಪ್ಯೂಟರ್ ಮತ್ತು ಕೈಕೊಡದ ಕರೆಂಟು ಇದ್ದವರಿಗೆ ದಾರಿ ಸಲೀಸು. ಆದರೆ ಅಲ್ಲಿ ನಿಯಮ ಸರಿಯಿಲ್ಲ ಎಂದು ವಾದಿಸಬಹುದು, ಬದಲಿಸಬಹುದು, ಬದಲಾಗಿಯೂ ಇವೆ. ನಮ್ಮ ಕಾಲೇಜು ಹಬ್ಬಗಳಿಗೆ ಇದರ ಕಾಲುಭಾಗ ಬಂದರೂ ಸಾಕು. ಸಮಯ ಎಲ್ಲಿಂದ ಶುರು, ಎಲ್ಲಿಗೆ ಮುಗಿತಾಯ ಎಂದು ಮೊದಲೇ ಬರೆದು ಅಂಟಿಸಿ. ಎದುರಿಗೆ ಒಂದು ಫೋನ್ ನಿಲ್ಲಿಸಿ ರೆಕಾರ್ಡ್ ಮಾಡಿ. ಸೋತವನು ಕೇಳಿದರೆ ತೋರಿಸಿ. ಖರ್ಚು ಏನೂ ಇಲ್ಲ, ಪೋಸ್ಟರಿನ ಕೊನೆಯ ಸಾಲೊಂದು ಉಳಿಯುತ್ತದೆ. ಈ ವರ್ಷದ ಹಬ್ಬಕ್ಕೆ ಅದೇ ಕಾಲೇಜಿನವರಿಗೆ ನಾವು ಮೂವರು ಸಹಿ ಮಾಡಿ ಇದನ್ನೇ ಪತ್ರ ಬರೆದಿದ್ದೇವೆ. ಉತ್ತರ ಬಂದಿಲ್ಲ.

ಆ ರಾತ್ರಿಯ ಓಟವನ್ನು ನಾನು ಕಳಿಸಲಿಲ್ಲ. ಆಮೇಲೆ ನೂರಾರು ಬಾರಿ ಆಡಿದ ಮೇಲೆ ಒಂದು ಓಟ ತಪ್ಪಿಲ್ಲದೆ ಬಂತು: 5 ನಿಮಿಷ 13 ಸೆಕೆಂಡ್. ಮೂಲೆಯ ಕೀಗಳ ಸಮೇತ ಕಳಿಸಿದ್ದೇನೆ.