ಪಿಂಚಣಿ ಬಂತು, ಕಾಯಕ ಮುಗಿಯಿತೇ?

ಹವಾಮಾನದ ಮಾತು ತೆಗೆದರೆ ನನ್ನ ಓರಗೆಯವರು ಹೇಳುವುದು ಒಂದೇ: "ಅದು ಹುಡುಗರ ಕೆಲಸ ಬಿಡ್ರಿ, ನಾವಿನ್ನು ಎಷ್ಟು ವರ್ಷ ಇರ್ತೀವಿ?" ಸರ್ಕಾರ ನಮಗೆ 60ಕ್ಕೆ ನಿವೃತ್ತಿ ಕೊಟ್ಟಿದ್ದು ನಿಜ. ಶರಣರು ಕಾಯಕಕ್ಕೆ ಅಂಥ ಗೆರೆ ಎಳೆದಿಲ್ಲ.

ಸ್ವಿಟ್ಜರ್ಲೆಂಡಿನ ಅಜ್ಜಿಯರ ಸಂಗತಿ ನೋಡಿ (ನಮ್ಮ ಅಕ್ಕನ ಬಳಗದವರು ವಿಶೇಷವಾಗಿ ಗಮನಿಸಬೇಕು). 2016ರಲ್ಲಿ ಅವರು ಒಂದು ಸಂಘ ಕಟ್ಟಿದರು. ಬಿಸಿಗಾಳಿಗೆ ಹೆಚ್ಚು ಬಲಿಯಾಗುವವರು ವೃದ್ಧೆಯರು, ಸರ್ಕಾರ ಇಂಗಾಲ ತಗ್ಗಿಸಲು ಸಾಕಷ್ಟು ಮಾಡುತ್ತಿಲ್ಲ ಎಂಬುದು ಅವರ ವಾದ. ಸ್ವಂತ ದೇಶದ ನ್ಯಾಯಾಲಯಗಳು ಕಿವಿಗೊಡಲಿಲ್ಲ. ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2024ರ ಏಪ್ರಿಲ್ 9ರಂದು 17 ನ್ಯಾಯಾಧೀಶರಲ್ಲಿ 16 ಮಂದಿ ಅವರ ಪರ ತೀರ್ಪಿತ್ತರು. ಸಂಘದಲ್ಲಿ 2,000ಕ್ಕೂ ಹೆಚ್ಚು ಸದಸ್ಯೆಯರು, ಸರಾಸರಿ ವಯಸ್ಸು 73. ಅಲ್ಲಿಯ ಸಂಸತ್ತು ತೀರ್ಪಿಗೆ ಮುಖ ಸಿಂಡರಿಸಿತು, ಅದು ಬೇರೆ ಮಾತು. ಅವರು ವಯಸ್ಸನ್ನೇ ವಾದಕ್ಕೆ ಆಧಾರ ಮಾಡಿಕೊಂಡರು. ನಾವು ಅದನ್ನೇ ನೆಪ ಮಾಡಿಕೊಂಡಿದ್ದೇವೆ.

ನಮ್ಮಲ್ಲೇ ಉದಾಹರಣೆ ಬೇಕೆ? ಮುಂಡರಗಿ ಭಾಗಕ್ಕೆ ಬರಲಿದ್ದ ಪೋಸ್ಕೊ ಉಕ್ಕಿನ ಕಾರ್ಖಾನೆಯ ವಿರುದ್ಧ 2011ರಲ್ಲಿ ರೈತರೊಡನೆ ನಿಂತಾಗ ಗದಗಿನ ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರಿಗೆ 62 ವರ್ಷ. ಕಪ್ಪತಗುಡ್ಡಕ್ಕಾಗಿ ಮುಂದೆಯೂ ದನಿ ಎತ್ತುತ್ತಲೇ ಇದ್ದರು. 2018ರಲ್ಲಿ ಲಿಂಗೈಕ್ಯರಾದರು. ಗುಡ್ಡ ವನ್ಯಜೀವಿಧಾಮವಾದದ್ದು 2019ರಲ್ಲಿ. ಪೂಜ್ಯರು ಅದನ್ನು ಕಣ್ಣಾರೆ ಕಾಣಲಿಲ್ಲ.

ನಿವೃತ್ತರ ಬಳಿ ಸಮಯವಿದೆ, ಜೊತೆಗೆ ಕಚೇರಿಯ ಭಾಷೆ ಗೊತ್ತಿದೆ. ದುಡಿಯುವ ಹುಡುಗ ಒಂದು ದಿನ ತಾಲ್ಲೂಕು ಕಚೇರಿಗೆ ಅಲೆದರೆ ಅವತ್ತಿನ ಕೂಲಿ ಹೋಯಿತು. ನಮ್ಮ ಪಿಂಚಣಿಗೆ ಆ ಭಯವಿಲ್ಲ. ಊರ ಕೆರೆಯ ನಕಾಶೆ ತೆಗೆಸುವುದು, ಅಳತೆಗೆ ಅರ್ಜಿ ಹಾಕುವುದು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ನಮ್ಮಿಂದ ಆಗುವ ಕೆಲಸ.

ಮಳೆ ಈಗ ಒಮ್ಮೆಲೇ ಸುರಿಯುತ್ತದೆ, ಆಮೇಲೆ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಹಿಡಿದಿಡಲು ಕೆರೆ ಬೇಕು. ಒಂದು ಎಕರೆಯಲ್ಲಿ ಒಂದು ಅಡಿ ಹೂಳೆತ್ತಿದರೆ ಸುಮಾರು 12 ಲಕ್ಷ ಲೀಟರ್ ನೀರಿಗೆ ಜಾಗವಾಗುತ್ತದೆ. ಆದರೆ ನೀರು ತರುವ ಕಾಲುವೆಯೇ ಮುಚ್ಚಿದ್ದರೆ ಆ ಜಾಗ ಖಾಲಿ ಬಿದ್ದಿರುತ್ತದೆ. ಜೆಸಿಬಿ ಎರಡು ದಿನ ಸದ್ದು ಮಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ. ಕಾಲುವೆಯ ಒತ್ತುವರಿ ಬಿಡಿಸಲು ಹೋದರೆ ನೆಂಟರೇ ಮಾತು ಬಿಡುತ್ತಾರೆ. ಒತ್ತುವರಿದಾರರಲ್ಲಿ ಮಠದ ಭಕ್ತರೂ ಇರುತ್ತಾರೆ, ಇದನ್ನು ಮುಚ್ಚಿಡುವುದೇಕೆ? ಜಾತ್ರೆಯ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂರುವ ನಮ್ಮಂಥವರು ಪೂಜ್ಯರ ಸಮ್ಮುಖದಲ್ಲಿ ಆ ಮಾತು ಎತ್ತದಿದ್ದರೆ ಇನ್ಯಾರು ಎತ್ತಬೇಕು? ಕಾಲುವೆ ಮುಚ್ಚಿದವನಿಗೂ ನಾವು ಮಾವನೋ ದೊಡ್ಡಪ್ಪನೋ ಆಗಿರುತ್ತೇವೆ. ನೋಟಿಸಿಗೆ ಬಗ್ಗದವನು ಅಂಥವರ ಮಾತಿಗೆ ಬಗ್ಗಬಹುದು.

ಮಠಗಳಿಗೂ ಒಂದು ಲೆಕ್ಕವಿದೆ. 1,000 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 6 ಲಕ್ಷ ಲೀಟರ್. ಅದನ್ನು ಚರಂಡಿಗೆ ಬಿಟ್ಟು ದಾಸೋಹಕ್ಕೆ ಟ್ಯಾಂಕರ್ ತರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಮುಂದಿನ ಶಿವಾನುಭವ ಗೋಷ್ಠಿಗೆ ಬರುವಾಗ ನಿಮ್ಮೂರ ಕೆರೆಯ ನಕಾಶೆ ತನ್ನಿ. ಲೆಕ್ಕ ಹಾಕಲು ನಾನಿರುತ್ತೇನೆ.